ಒಂದೇ ಮೋಡ, ಮೂರು ಎಚ್ಚರಿಕೆ

ಅಮೆರಿಕದ ಓಕ್ಲಹೋಮದ ಹಳ್ಳಿಗಳಿಗೆ ಸಿಡಿಲಮಳೆ, ಸುಂಟರಗಾಳಿ, ನೆರೆ ಮೂರರ ಎಚ್ಚರಿಕೆಯೂ ಒಟ್ಟಿಗೇ ಬರುವುದೇಕೆ?

ಮೂರೂ ಒಂದೇ ಮೋಡದ ಕೆಲಸವಾದ್ದರಿಂದ. ವಸಂತದಲ್ಲಿ ಅಲ್ಲಿ ಮೆಕ್ಸಿಕೋ ಕೊಲ್ಲಿಯ ತೇವಗಾಳಿ ನೆಲದ ಹತ್ತಿರ ನಿಧಾನವಾಗಿ, ಪಶ್ಚಿಮದ ಒಣಗಾಳಿ ಅದರ ಮೇಲೆ ಜೋರಾಗಿ ಬೀಸುತ್ತದೆ. ಅಂಗೈಗಳ ನಡುವೆ ದೀಪದ ಬತ್ತಿ ಹೊಸೆದಂತೆ, ನಡುವಿನ ಗಾಳಿ ಅಡ್ಡಡ್ಡ ಸುರುಳಿಯಾಗುತ್ತದೆ. ಬಿಸಿಯಾಗಿ ಮೇಲೇಳುವ ಗಾಳಿ ಆ ಸುರುಳಿಯನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರೆ ಮೋಡವೇ ತಿರುಗತೊಡಗುತ್ತದೆ. ನಡುವೆ ಒತ್ತಡ ಕುಸಿದು, ಆವಿ ಹನಿಗಟ್ಟಿ, ಆಲಿಕೆಯಾಕಾರದ ಮೋಡ ಕೆಳಗಿಳಿಯುತ್ತದೆ. ಆ ಸುತ್ತು ನೆಲ ಮುಟ್ಟಿದರೆ ಸುಂಟರಗಾಳಿ. ಅದೇ ಮೋಡ ಒಂದೇ ಕಡೆ ಸುರಿದರೆ ಹಳ್ಳ ಉಕ್ಕುತ್ತದೆ.

ನಿಜವಾದ ಸಂಕಟ ಇಲ್ಲಿದೆ: ಸುಂಟರಗಾಳಿ ಬಂದರೆ ತಗ್ಗಿನಲ್ಲಿ ಅಡಗಬೇಕು, ನೆರೆ ಬಂದರೆ ಎತ್ತರಕ್ಕೆ ಹತ್ತಬೇಕು. 2013ರ ಮೇ 31ರಂದು, ಎಲ್ ರೀನೊ ಪಟ್ಟಣದ ಬಳಿ ಸುಂಟರಗಾಳಿ ಎದ್ದ ದಿನದ ರಾತ್ರಿ, ಓಕ್ಲಹೋಮ ಸಿಟಿಯಲ್ಲಿ ಮೋರಿಯೊಳಗೆ ಅವಿತವರು ನೀರಿಗೆ ಕೊಚ್ಚಿಹೋದರು.