ಮುಕ್ಕಾಲು ಸೆಕೆಂಡಿಗೂ ಕಮ್ಮಿ

ಸ್ಕೇಟಿಂಗ್ ಅಂದ ಕೂಡ್ಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ಚಕ್ರದ ಶೂ, ಮೊಣಕಾಲಿಗೆ ಪ್ಯಾಡ್ ಕಟ್ಕೊಂಡು ಭಾನುವಾರ ಬೆಳಿಗ್ಗೆ ಸುತ್ತು ಹೊಡೆಯೋ ಪುಟ್ಟ ಮಕ್ಕಳು. ನಾವು ಇಲ್ಲಿ ಹೇಳಹೊರಟಿರೋದು ಮಂಜುಗಡ್ಡೆ ಮೇಲಿನ ಆಟದ ಬಗ್ಗೆ. ಕಾಲಿಗೆ ಕೆಲವೇ ಮಿಲಿಮೀಟರ್ ದಪ್ಪದ ಬ್ಲೇಡು, ಹಿನ್ನೆಲೆಯಲ್ಲಿ ಸಂಗೀತ, ನಡುನಡುವೆ ಗಾಳಿಯಲ್ಲಿ ಬುಗುರಿ ಥರ ತಿರುಗಿ ಒಂದೇ ಕಾಲಲ್ಲಿ ಇಳಿಯೋದು. ಇದೇ ಫಿಗರ್ ಸ್ಕೇಟಿಂಗ್. ಉದಾಹರಣೆಗೆ ಅಮೆರಿಕದ ನೇಥನ್ ಚೆನ್‌ನನ್ನ ತಗೊಂಡಿದೀವಿ. 1999ರಲ್ಲಿ ಹುಟ್ಟಿದವನು, ನಮ್ಮ ಅಣ್ಣಂದಿರ ವಯಸ್ಸು, ಹಾಗಾಗಿ ಏಕವಚನ. ಅವನನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ: ವಿಶ್ವ ಚಾಂಪಿಯನ್ ಆಗಿದ್ದಾಗಲೇ ಅವನು ಕಾಲೇಜಿಗೆ ಸೇರಿ ಸ್ಟ್ಯಾಟಿಸ್ಟಿಕ್ಸ್ ಓದಿದ.

ಮೊದಲು ಸ್ವಲ್ಪ ಫಿಸಿಕ್ಸ್. ಬೇಜಾರಾಗ್ಬೇಡಿ, ಪಿಯುಸಿಯದ್ದೇ.

ಇವತ್ತಿನ ಗಂಡಸರ ಸ್ಪರ್ಧೆಯಲ್ಲಿ ಎಲ್ಲಾ ನಿಂತಿರೋದು ಕ್ವಾಡ್ ಮೇಲೆ. ಅಂದ್ರೆ ಒಂದು ಜಿಗಿತದಲ್ಲಿ ನಾಲ್ಕು ಸುತ್ತು. ನಾವು ಹಾಸ್ಟೆಲಿನಲ್ಲಿ ಕೂತು ಅವನ ಜಂಪುಗಳ ವಿಡಿಯೋ ಫ್ರೇಮ್ ಫ್ರೇಮಾಗಿ ಎಣಿಸಿದ್ವಿ. ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಕಾಲು ನೆಲ ಬಿಟ್ಟು ಮತ್ತೆ ತಾಗೋ ತನಕ ಇಪ್ಪತ್ತು, ಇಪ್ಪತ್ತೊಂದು ಫ್ರೇಮು. ಹತ್ತಿರ ಹತ್ತಿರ 0.7 ಸೆಕೆಂಡ್. ಅಷ್ಟು ಹೊತ್ತು ಮೇಲಿರೋಕೆ ಎಷ್ಟು ಎತ್ತರ ಹಾರಬೇಕು? ಅರ್ಧ ಸಮಯ ಏರೋಕೆ, ಅರ್ಧ ಇಳಿಯೋಕೆ ಅಂತ ಲೆಕ್ಕ ಹಾಕಿದ್ರೆ ಸುಮಾರು 60 ಸೆಂಟಿಮೀಟರ್. ನಾಲ್ಕು ಸುತ್ತನ್ನ 0.7ರಿಂದ ಭಾಗಿಸಿದ್ರೆ ನಿಮಿಷಕ್ಕೆ ಸುಮಾರು 340 ಸುತ್ತು ಬರುತ್ತೆ. ನಮ್ಮ ರೂಮಿನ ಸೀಲಿಂಗ್ ಫ್ಯಾನ್ ಐದರಲ್ಲಿಟ್ಟಾಗ ತಿರುಗೋದೂ ಹೆಚ್ಚುಕಮ್ಮಿ ಅಷ್ಟೇ. (ಸುತ್ತಿನ ಒಂದು ಪಾಲು ಹಿಮ ಬಿಡೋ ಮುಂಚೆಯೇ ಆಗಿಬಿಡುತ್ತೆ, ಹಾಗಾಗಿ ನಮ್ಮ ಲೆಕ್ಕ ಸ್ವಲ್ಪ ಜಾಸ್ತಿ. ಲ್ಯಾಬ್ ರೆಕಾರ್ಡ್ ಅಲ್ವಲ್ಲ, ಬಿಡಿ.)

ಗಾಳಿಗೆ ಹೋದಮೇಲೆ ಆಂಗ್ಯುಲರ್ ಮೊಮೆಂಟಮ್ ಹೆಚ್ಚಿಸಿಕೊಳ್ಳೋಕೆ ಆಗಲ್ಲ. ಹಿಮ ಬಿಡುವಾಗ ಎಷ್ಟಿತ್ತೋ ಅಷ್ಟೇ. ಕೈಯಲ್ಲಿರೋದು ಒಂದೇ ಉಪಾಯ: ಕೈಗಳನ್ನ ಎದೆಗೆ ಅಪ್ಪಿ, ಕಾಲುಗಳನ್ನ ಹೆಣೆದು, ಮೊಮೆಂಟ್ ಆಫ್ ಇನರ್ಶಿಯಾ ಕಮ್ಮಿ ಮಾಡಿಕೊಂಡು ವೇಗ ಏರಿಸೋದು. ಇಳಿಯೋ ಮುಂಚೆ ಕೈಕಾಲು ಚಾಚಿ ಅದನ್ನ ಇಳಿಸೋದು. ಆಮೇಲೆ ಹಿಂದಕ್ಕೆ ಜಾರುತ್ತಾ ಒಂದೇ ಕಾಲಿನ ಹೊರ ಅಂಚಿನ ಮೇಲೆ ಇಳಿಯಬೇಕು. ಆ ಕಾಲಿಗೆ ಬೀಳೋ ಹೊರೆ ಮೈತೂಕದ ಹಲವು ಪಟ್ಟು. ಇದನ್ನ ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಮಾಡೋ ದೇಹ ಎಷ್ಟು ದಿನ ತಡೆದೀತು? ಸ್ಕೇಟರ್‌ಗಳ ವೃತ್ತಿಜೀವನ ಚಿಕ್ಕದಿರೋಕೆ ಮುಖ್ಯ ಕಾರಣ ಇದೇ. 2016ರ ಜನವರಿಯಲ್ಲಿ ನೇಥನ್ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದ, ಪ್ರೇಕ್ಷಕರಿಗಾಗಿ ನಡೆಯೋ ಪ್ರದರ್ಶನದಲ್ಲಿ ಹಾರೋಕೆ ಹೋಗಿ ಸೊಂಟದ ಕೀಲಿಗೆ ಪೆಟ್ಟು ಮಾಡಿಕೊಂಡ. ಶಸ್ತ್ರಚಿಕಿತ್ಸೆ ಆಯ್ತು. ಆಗ ಅವನಿಗೆ 16.

ಇವನ ಊರು ಸಾಲ್ಟ್ ಲೇಕ್ ಸಿಟಿ. ಚೀನಾದಿಂದ ವಲಸೆ ಬಂದ ಅಪ್ಪ ಅಮ್ಮನ ಐದು ಮಕ್ಕಳಲ್ಲಿ ಕಿರಿಯವನು. ಅಲ್ಲಿ 2002ರ ಚಳಿಗಾಲದ ಒಲಿಂಪಿಕ್ಸ್ ನಡೀತು, ಹಾಗಾಗಿ ಊರಲ್ಲಿ ರಿಂಕ್‌ಗಳಿಗೆ ಕೊರತೆ ಇರಲಿಲ್ಲ. ಮೂರನೇ ವಯಸ್ಸಿಗೇ ಹಿಮಕ್ಕಿಳಿದ. ಜೊತೆಗೆ ಬ್ಯಾಲೆ, ಜಿಮ್ನಾಸ್ಟಿಕ್ಸ್, ಪಿಯಾನೋ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದ ಕೋಚ್ ರಫಾಯೆಲ್ ಅರುಟ್ಯೂನ್ಯಾನ್ ಹತ್ರ ಕಲಿಯೋಕೆ ಅಮ್ಮನೇ ಕಾರು ಓಡಿಸ್ಕೊಂಡು ಕರ್ಕೊಂಡು ಹೋಗ್ತಿದ್ರು. ದಾರಿ ಸುಮಾರು ಸಾವಿರ ಕಿಲೋಮೀಟರ್. ಸಿಇಟಿ ಕೋಚಿಂಗಿಗೆ ಸ್ಕೂಟರಲ್ಲಿ ಬಿಟ್ಟು ಬರ್ತಿದ್ದ ನಮ್ಮ ಅಮ್ಮಂದಿರನ್ನ ನೆನೆಸ್ಕೊಳ್ಳಿ, ಆಮೇಲೆ ದೂರವನ್ನ ಗುಣಿಸಿ.

ಇನ್ನು ಅಂಕದ ವಿಷಯ. ಸ್ಪರ್ಧೆ ಎರಡು ಭಾಗ: ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ದೊಡ್ಡದಾದ ಫ್ರೀ ಸ್ಕೇಟ್. ಎರಡೂ ಕೂಡಿಸಿ ಫಲಿತಾಂಶ. ಪ್ರತಿ ಜಂಪಿಗೂ ಮೂಲ ಬೆಲೆ ಇದೆ, ಮಾಡಿದ ಚಂದ ನೋಡಿ ತೀರ್ಪುಗಾರರು ಅದಕ್ಕೆ ಕೂಡಿಸ್ತಾರೆ ಅಥವಾ ಕಳೀತಾರೆ. ಇಲ್ಲೊಂದು ವಿಚಿತ್ರ ಇತ್ತು. 2018ರ ಒಲಿಂಪಿಕ್ಸ್ ಹೊತ್ತಿಗೆ ಲುಟ್ಜ್ ಅನ್ನೋ ಜಂಪನ್ನ ನಾಲ್ಕು ಸುತ್ತು ಹಾಕಿದ್ರೆ 13.6, ಮೂರು ಸುತ್ತಾದ್ರೆ 6. ನಾಲ್ಕು ಸುತ್ತು ಪೂರ್ತಿ ತಿರುಗಿ ದೊಪ್ಪಂತ ಬಿದ್ರೂ 4 ಅಂಕ ಕಳೆದು, ಬಿದ್ದಿದ್ದಕ್ಕೆ ಇನ್ನೊಂದು ಕಳೆದು 8.6 ಉಳೀತಿತ್ತು. ಮೂರು ಸುತ್ತನ್ನ ಎಷ್ಟೇ ಅಂದವಾಗಿ ಮಾಡಿದ್ರೂ 8.1 ದಾಟ್ತಿರಲಿಲ್ಲ! ಅಂದ್ರೆ ಆ ಒಂದು ಜಂಪಿನ ಮಟ್ಟಿಗೆ, ಚಂದ ಮಾಡೋದಕ್ಕಿಂತ ಬೀಳೋದೇ ಲಾಭ. ಒಲಿಂಪಿಕ್ಸ್ ಮುಗಿದ ಮೇಲೆ ನಿಯಮ ಬದಲಾಯ್ತು. ಈಗ ನಾಲ್ಕು ಸುತ್ತಿನ ಲುಟ್ಜ್‌ಗೆ 11.5, ಬಿದ್ರೆ ಅರ್ಧಕ್ಕಿಂತ ಕಮ್ಮಿ ಕೈಗೆ ಬರುತ್ತೆ. ನಮಗೆ ಇದೇ ಸರಿ ಅನ್ಸುತ್ತೆ.

ಈಗ 2018ರ ಫೆಬ್ರವರಿಗೆ ಬರೋಣ, ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್. 18 ವರ್ಷದ ನೇಥನ್‌ನ ಫೋಟೋ ಅಮೆರಿಕದ ಜಾಹೀರಾತುಗಳಲ್ಲೆಲ್ಲಾ ಇತ್ತು. ಅಭಿಮಾನಿಗಳು ಇಟ್ಟ ಹೆಸರು ಕ್ವಾಡ್ ಕಿಂಗ್. ಒಂದೇ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್ ಹಾಕಿ ಹೆಸರು ಮಾಡಿದ್ದವನು. ಶಾರ್ಟ್ ಪ್ರೋಗ್ರಾಂ ಶುರುವಾಯ್ತು, ಮೊದಲ ಲುಟ್ಜ್‌ನಲ್ಲೇ ಬಿದ್ದ. ಉಳಿದ ಎರಡು ಜಂಪೂ ನೆಟ್ಟಗಾಗಲಿಲ್ಲ. 82.27 ಅಂಕ, 17ನೇ ಸ್ಥಾನ. ಇಡೀ ಬಾಲ್ಯ ಯಾವುದಕ್ಕೆ ಕೊಟ್ಟಿದ್ನೋ ಅದು ಮೂರು ನಿಮಿಷದೊಳಗೆ ಮುಗಿದುಹೋಯ್ತು. ಸೆಮಿಸ್ಟರ್ ಪರೀಕ್ಷೆಯಾದ್ರೆ ಆರು ತಿಂಗಳಿಗೆ ಮತ್ತೆ ಬರೀಬಹುದು. ಇದು ನಾಲ್ಕು ವರ್ಷ ಕಾಯಿಸೋ ಪರೀಕ್ಷೆ.

ಮಾರನೇ ದಿನವೇ ಫ್ರೀ ಸ್ಕೇಟ್. ಪದಕದ ಆಸೆ ಹೆಚ್ಚುಕಮ್ಮಿ ಹೋಗಿತ್ತು. ಅವನು ಐದಲ್ಲ, ಆರು ಕ್ವಾಡ್ ಹಾಕಿದ. ಒಂದರಲ್ಲಿ ಮಾತ್ರ ಕೈ ನೆಲಕ್ಕೆ ತಾಗಿತು. ಒಲಿಂಪಿಕ್ಸ್‌ನಲ್ಲಿ ಅದಕ್ಕೂ ಮುಂಚೆ ಯಾರೂ ಆರು ಹಾಕಿರಲಿಲ್ಲ. 215.08 ಅಂಕ, ಆವತ್ತಿನ ಫ್ರೀ ಸ್ಕೇಟ್‌ನಲ್ಲಿ ಅವನೇ ಮೊದಲು, ಚಿನ್ನ ಗೆದ್ದ ಜಪಾನಿನ ಯುಜುರು ಹಾನ್ಯುಗಿಂತಲೂ ಮುಂದೆ. ಆದ್ರೆ ಒಟ್ಟು 297.35, ಐದನೇ ಸ್ಥಾನ. ಕಂಚಿಗೆ ಎಂಟು ಅಂಕ ಕಮ್ಮಿ. ಆ ಎರಡು ದಿನದ ವಿಡಿಯೋ ಒಟ್ಟಿಗೆ ನೋಡಿದ್ರೆ ಕಾಲು, ಬ್ಲೇಡು, ಹಿಮ ಎಲ್ಲಾ ಅವೇ. ಚಿನ್ನ ಬರಬೇಕು ಅನ್ನೋ ಒತ್ತಡದಲ್ಲಿ ಆಟದ ಖುಷಿಯೇ ಹೋಗಿತ್ತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಮುಂದಿನ ತಿಂಗಳು ಮಿಲಾನ್‌ನಲ್ಲಿ ವಿಶ್ವ ಚಾಂಪಿಯನ್ ಆದ, 47 ಅಂಕದ ಅಂತರದಲ್ಲಿ.

ಅದೇ ವರ್ಷ ಅವನು ಯೇಲ್ ವಿಶ್ವವಿದ್ಯಾಲಯ ಸೇರಿದಾಗ ಇನ್ನು ಸ್ಕೇಟಿಂಗ್ ಮುಗೀತು ಅಂದುಕೊಂಡವರು ಬಹಳ. ಯೇಲ್ ಇರೋದು ಪೂರ್ವ ಕರಾವಳಿಯಲ್ಲಿ, ಕೋಚ್ ಪಶ್ಚಿಮ ಕರಾವಳಿಯಲ್ಲಿ. ಪಾಠ ವಿಡಿಯೋ ಕಾಲ್‌ನಲ್ಲಿ, ಅಭ್ಯಾಸ ಕಾಲೇಜಿನ ರಿಂಕ್‌ನಲ್ಲಿ, ಹೆಚ್ಚಿನ ಹೊತ್ತು ಒಬ್ಬನೇ. ಆದ್ರೂ 2019ರಲ್ಲಿ ಜಪಾನಿನ ಸೈತಾಮಾದಲ್ಲಿ, ಹಾನ್ಯುವಿನ ತವರಿನ ಜನರ ಮುಂದೆಯೇ ಅವನನ್ನ ಸೋಲಿಸಿ ಮತ್ತೆ ವಿಶ್ವ ಚಾಂಪಿಯನ್ ಆದ. ಕ್ಲಾಸು, ಅಸೈನ್‌ಮೆಂಟು, ಬೇರೆ ವಿಷಯ ಮಾತಾಡೋ ಗೆಳೆಯರು ಇದ್ದಿದ್ದೇ ಅವನಿಗೆ ಅನುಕೂಲ ಆಯ್ತು ಅಂತ ನಮ್ಮ ಅಭಿಪ್ರಾಯ. ಇದನ್ನ ಅಟೆಂಡೆನ್ಸ್ ವಿಷಯದಲ್ಲಿ ನಮ್ಮ ಎಚ್‌ಒಡಿ ಮುಂದೆ ಹೇಳೋಕೆ ಧೈರ್ಯ ಇಲ್ಲ. ಹಾಗಂತ ಎರಡೂ ಕಡೆ ಕೊನೇ ತನಕ ಸಮ ಹೊಂದಿಸಿದ ಅಂತಲ್ಲ: 2020ರಲ್ಲಿ ಓದಿಗೆ ರಜೆ ಹಾಕಿ ಒಲಿಂಪಿಕ್ಸ್ ತಯಾರಿಗೆ ಕೂತ.

2021ರಲ್ಲಿ ಮೂರನೇ ವಿಶ್ವ ಪ್ರಶಸ್ತಿ. ಪ್ಯೊಂಗ್‌ಚಾಂಗ್ ನಂತರ ಮೂರೂವರೆ ವರ್ಷ ಸೋತಿರಲಿಲ್ಲ. ಸರಿಯಾಗಿ ಒಲಿಂಪಿಕ್ಸ್‌ಗೆ ನಾಲ್ಕು ತಿಂಗಳಿರುವಾಗ ಲಾಸ್ ವೇಗಸ್‌ನ ಸ್ಪರ್ಧೆಯಲ್ಲಿ ಮೂರನೆಯವನಾದ. ಹಳೇ ಕಥೆ ಮತ್ತೆ ಅಂತ ಎಲ್ಲರಿಗೂ ಅನ್ನಿಸಿರಬೇಕು.

ಫೆಬ್ರವರಿ 2022, ಬೀಜಿಂಗ್, ಅಮ್ಮ ಬೆಳೆದ ಊರು. ಶಾರ್ಟ್ ಪ್ರೋಗ್ರಾಂನಲ್ಲಿ 113.97, ವಿಶ್ವ ದಾಖಲೆ. ಮುಗಿದ ಕೂಡ್ಲೇ ಸಾಮಾನ್ಯವಾಗಿ ತಣ್ಣಗಿರೋ ಹುಡುಗ ಮುಷ್ಟಿ ಬೀಸಿದ. ನಾಲ್ಕು ವರ್ಷದ್ದು ಆ ಒಂದು ಏಟಲ್ಲಿ ಹೋಯ್ತು ಅನ್ಸುತ್ತೆ. ಫ್ರೀ ಸ್ಕೇಟ್ ಎಲ್ಟನ್ ಜಾನ್ ಸಂಗೀತಕ್ಕೆ, ಐದು ಕ್ವಾಡ್, ಒಟ್ಟು 332.60, ಚಿನ್ನ. ಅಲ್ಲೇ ಹಾನ್ಯು ನಾಲ್ಕೂವರೆ ಸುತ್ತಿನ ಆಕ್ಸೆಲ್‌ಗೆ ಕೈಹಾಕಿ ಬಿದ್ದು ನಾಲ್ಕನೆಯವನಾದ. ಆಕ್ಸೆಲ್ ಒಂದನ್ನ ಮಾತ್ರ ಮುಂದಕ್ಕೆ ಮುಖ ಮಾಡಿ ಹಾರ್ತಾರೆ, ಇಳಿಯೋದು ಎಲ್ಲದರ ಥರ ಹಿಂದಕ್ಕೆ, ಹಾಗಾಗಿ ಆ ಅರ್ಧ ಸುತ್ತು ಹೆಚ್ಚಿಗೆ. ನಮ್ಮಲ್ಲಿ ಇಬ್ಬರಿಗೆ ಚಿನ್ನಕ್ಕಿಂತ ಆ ಬೀಳೋದೇ ಇಷ್ಟ, ಜಗಳ ಇನ್ನೂ ನಡೀತಿದೆ.

ಆವತ್ತು ನೇಥನ್‌ಗೆ 22, ನಮ್ಮ ಫೈನಲ್ ಇಯರ್‌ನವರ ವಯಸ್ಸು. ಆ ಒಲಿಂಪಿಕ್ಸ್ ನಂತರ ಅವನು ಸ್ಪರ್ಧೆಗೆ ಇಳಿದಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಇಲ್ಯಾ ಮಲಿನಿನ್ ಅನ್ನೋ 17ರ ಹುಡುಗ ಆ ನಾಲ್ಕೂವರೆ ಸುತ್ತನ್ನ ಹಾಕಿ ನೆಟ್ಟಗೆ ನಿಂತ. ನೇಥನ್ ಆಗ ಯೇಲ್‌ಗೆ ವಾಪಸ್ ಹೋಗಿದ್ದ. 2024ರಲ್ಲಿ, ತನ್ನ ಜೊತೆ ಸೇರಿದವರು ಹೊರಟುಹೋದ ಎರಡು ವರ್ಷದ ಮೇಲೆ, ಸ್ಟ್ಯಾಟಿಸ್ಟಿಕ್ಸ್ ಮತ್ತು ಡೇಟಾ ಸೈನ್ಸ್‌ನಲ್ಲಿ ಡಿಗ್ರಿ ಮುಗಿಸಿದ.