ಕೆಂಪು ದೀಪ ಹೇಳುವ ಅರ್ಧ ಮಾತು

ನಿಸಾನ್ 300ಝಡ್‌ಎಕ್ಸ್ ಟ್ವಿನ್ ಟರ್ಬೊ ಕಾರಿನ ಕಂಪ್ಯೂಟರ್ ಇರುವುದು ಪಕ್ಕದ ಸೀಟಿನವರು ಕಾಲು ಚಾಚುವ ಜಾಗದಲ್ಲಿ. ಕಾರ್ಪೆಟ್ ಸರಿಸಿ ಮೇಲಿನ ತಟ್ಟೆ ಬಿಚ್ಚಿದರೆ ಒಂದು ಲೋಹದ ಪೆಟ್ಟಿಗೆ, ಅದರ ಬದಿಯಲ್ಲಿ ಪುಟ್ಟ ತಿರುಪು, ಹತ್ತಿರದಲ್ಲೇ ಕೆಂಪು ದೀಪ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಬೇಕು. ತಿರುಪನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಎರಡು ಸೆಕೆಂಡು ಕಾದು, ಮತ್ತೆ ಎಡಕ್ಕೆ ತಂದರೆ ದೀಪ ಮಿನುಗತೊಡಗುತ್ತದೆ. ಉದ್ದನೆಯ ಮಿನುಗು ಹತ್ತರ ಸ್ಥಾನ, ಗಿಡ್ಡದು ಬಿಡಿ ಸ್ಥಾನ. ಮೂರು ಉದ್ದ, ನಾಲ್ಕು ಗಿಡ್ಡ ಬಂದರೆ 34. ಐದು ಉದ್ದ, ಐದು ಗಿಡ್ಡ ಬಂದರೆ 55, ಅಂದರೆ ಕಂಪ್ಯೂಟರಿಗೆ ಯಾವ ದೋಷವೂ ಕಂಡಿಲ್ಲ.

ಈ ಕಾರು ಜಪಾನಿನಲ್ಲಿ ಬಿಡುಗಡೆಯಾದದ್ದು 1989ರಲ್ಲಿ. ಮೂರು ಲೀಟರಿನ ವಿ6 ಎಂಜಿನ್, ಎರಡು ಟರ್ಬೊ, ಎರಡು ಇಂಟರ್‌ಕೂಲರ್. ಅಮೆರಿಕದಲ್ಲಿ ಮಾರಾಟವಾದ ಮಾದರಿಗೆ 300 ಅಶ್ವಶಕ್ತಿ. 1994ರ ಡೇಟೋನಾ 24 ಗಂಟೆಗಳ ರೇಸನ್ನು ಗೆದ್ದದ್ದು ಈ ಹೆಸರಿನ ಕಾರೇ. ಅಮೆರಿಕದಲ್ಲಿ 1996ಕ್ಕೆ, ಜಪಾನಿನಲ್ಲಿ 2000ಕ್ಕೆ ಇದರ ಕಾಲ ಮುಗಿಯಿತು. ಭಾರತದ ಶೋರೂಮುಗಳಿಗೆ ಇದು ಬರಲೇ ಇಲ್ಲ. ಆದರೆ ಎಂಜಿನ್ನಿನ ಸೆನ್ಸರ್ ದೋಷ ಹುಡುಕುವ ವಿದ್ಯೆಯನ್ನು ಬುಡದಿಂದ ತಿಳಿಯಬೇಕೆಂದರೆ ಇದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಎಲ್ಲ ಕಂಪನಿಗಳ ಕಾರುಗಳೂ ಒಂದೇ ಬಗೆಯ ಪ್ಲಗ್ಗು, ಒಂದೇ ಬಗೆಯ ಕೋಡು ಬಳಸಬೇಕೆಂಬ ಓಬಿಡಿ-2 ನಿಯಮ ಅಮೆರಿಕದಲ್ಲಿ ಬಂದದ್ದು 1996ರ ಮಾದರಿಗಳಿಂದ. ಅದಕ್ಕೂ ಮೊದಲಿನ ಈ ಕಾರುಗಳಲ್ಲಿ ಕಂಪ್ಯೂಟರ್ ಪೂರ್ತಿ ಅಧಿಕಾರ ನಡೆಸುತ್ತದೆ, ಮಾತು ಮಾತ್ರ ಕಡಿಮೆ. ಉಳಿದದ್ದನ್ನು ಮೀಟರ್ ಹಿಡಿದು ಮೆಕ್ಯಾನಿಕ್ಕೇ ಕಂಡುಹಿಡಿಯಬೇಕು.

34ನೇ ಕೋಡನ್ನೇ ನೋಡೋಣ. ಅದು ನಾಕ್ ಸೆನ್ಸರಿನದು. ಸಿಲಿಂಡರಿನಲ್ಲಿ ಸ್ಪಾರ್ಕ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲು ಮತ್ತು ಗಾಳಿ ಒತ್ತಡಕ್ಕೆ, ಕಾವಿಗೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದೇ ನಾಕಿಂಗ್. ಟರ್ಬೊ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ತುಂಬುವುದರಿಂದ ಇದರ ಅಪಾಯ ಹೆಚ್ಚು. ಪಿಸ್ಟನ್ ಒಡೆಯುವವರೆಗೂ ಹೋಗಬಹುದು. ಅದಕ್ಕೇ ಎಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿದ ಸ್ಫಟಿಕವೊಂದು ಆ ಕಂಪನವನ್ನು ಹಿಡಿದು ವೋಲ್ಟೇಜಾಗಿ ಕಳಿಸುತ್ತದೆ. ಕಂಪ್ಯೂಟರ್ ತಕ್ಷಣ ಸ್ಪಾರ್ಕನ್ನು ತಡಮಾಡುತ್ತದೆ. ಈ ಸೆನ್ಸರಿನ ಸುದ್ದಿಯೇ ಬರದಿದ್ದರೆ? ಕಂಪ್ಯೂಟರ್ ಅಪಾಯಕ್ಕೆ ಕೈಹಾಕುವುದಿಲ್ಲ. ಟರ್ಬೊ ಒತ್ತಡವನ್ನು ಕೆಳಮಟ್ಟದಲ್ಲೇ ಕಟ್ಟಿಹಾಕುತ್ತದೆ. ಕಾರು ಓಡುತ್ತದೆ, ಸದ್ದು ಸರಿಯಾಗಿಯೇ ಇರುತ್ತದೆ, ಪಿಕಪ್ ಮಾತ್ರ ಇಲ್ಲ. ಮಾಲೀಕರಿಗೆ ಟರ್ಬೊ ಹೋಯಿತೆಂಬ ಗಾಬರಿ.

34 ಎಂದರೆ ಎಂಜಿನ್ ನಾಕ್ ಆಗುತ್ತಿದೆ ಎಂದು ತಿಳಿಯುವವರು ಬಹಳ. ಹಾಗಲ್ಲ. ನಾಕ್ ಸೆನ್ಸರಿನ ದಾರಿಯಲ್ಲಿ ಬರಬೇಕಾದ ಸಂಕೇತ ಸರಿಯಾಗಿ ಬರುತ್ತಿಲ್ಲ, ಅಷ್ಟೇ. ದಾರಿ ಎಂದರೆ ಸೆನ್ಸರ್, ಅದರ ಪುಟ್ಟ ವೈರು, ಕನೆಕ್ಟರು, ಅಲ್ಲಿಂದ ಕಂಪ್ಯೂಟರಿನವರೆಗಿನ ತಂತಿ. ಸೆನ್ಸರ್ ಕೂತಿರುವುದೋ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ, ಗಾಳಿ ಹಂಚುವ ಪ್ಲೀನಮ್ಮಿನ ಅಡಿಯಲ್ಲಿ. ಮೂವತ್ತು ವರ್ಷ ಅಲ್ಲಿ ಬೆಂದ ಪ್ಲಾಸ್ಟಿಕ್ಕು ಕೈಯಿಟ್ಟರೆ ಪುಡಿಯಾಗುತ್ತದೆ. ಸೆನ್ಸರ್ ಗಟ್ಟಿಯಾಗಿದ್ದು ಕನೆಕ್ಟರ್ ಸತ್ತಿರುವ ಕಾರುಗಳು ಬೇಕಾದಷ್ಟಿವೆ. ಪ್ಲೀನಮ್ ಇಳಿಸುವುದು ಸಣ್ಣ ಕೆಲಸವಲ್ಲ. ಅದಕ್ಕೆ ಬಲ್ಲವರು ಮೊದಲು ಕಂಪ್ಯೂಟರಿನ ಪ್ಲಗ್ ಕಳಚಿ, ಅಲ್ಲಿಂದಲೇ ರೆಸಿಸ್ಟೆನ್ಸ್ ಅಳೆಯುತ್ತಾರೆ. ಸುಮಾರು 5 ಲಕ್ಷ ಓಮ್ ತೋರಿಸಿದರೆ ದಾರಿಯೂ ಸೆನ್ಸರೂ ಕೂಡಿಕೊಂಡಿವೆ ಎಂದರ್ಥ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ. ಆಗ ನಡುವಿನ ಕನೆಕ್ಟರಿನಲ್ಲಿ ಮತ್ತೆ ಅಳೆದು, ತುಂಡಾದದ್ದು ಯಾವ ಕಡೆಗೆಂದು ಸೀಮೆ ಕಿರಿದು ಮಾಡುತ್ತಾ ಹೋಗುವುದು. ಸ್ಪ್ಯಾನರ್ ಕೈಗೆ ಬರುವುದು ಆಮೇಲೆ.

ಕೋಡು ಬಂದರೆ ಹೀಗೆ. ಕೋಡೇ ಬಾರದ ಸುಳ್ಳು ಇನ್ನೂ ಕಷ್ಟದ್ದು. ನೀರಿನ ಕಾವು ಅಳೆಯುವ ಸೆನ್ಸರ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾವು ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ: 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮಿನ ಆಸುಪಾಸು, 80 ಡಿಗ್ರಿಯಲ್ಲಿ ಸುಮಾರು 300. ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿ ಒಂದೆರಡು ಸಾವಿರ ಓಮ್ ಹೆಚ್ಚುವರಿ ಸೇರಿಕೊಂಡರೆ, ಕುದಿಯುವಷ್ಟು ಕಾದ ಎಂಜಿನ್ ಕೂಡ ಕಂಪ್ಯೂಟರಿಗೆ ಬೆಳಗಿನ ಚಳಿಯಲ್ಲಿ ನಿಂತ ಎಂಜಿನ್ ಆಗಿ ಕಾಣುತ್ತದೆ. ಅದು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗುಗಳು, ಬಿಸಿಯಾಗಿದ್ದಾಗ ಸ್ಟಾರ್ಟ್ ಆಗಲು ಹಟ. ಆದರೂ ದೀಪ ಹೇಳುವುದು 55 ಎಂದೇ. ಏಕೆಂದರೆ ತಂತಿ ಪೂರ್ತಿ ಕಡಿದಾಗ ಅಥವಾ ಶಾರ್ಟ್ ಆದಾಗ ಮಾತ್ರ 13ನೇ ಕೋಡು ಬರುತ್ತದೆ. ನಂಬಬಹುದಾದ ಸುಳ್ಳನ್ನು ಕಂಪ್ಯೂಟರ್ ನಂಬಿಬಿಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿ ನಿಂತಿದೆಯಲ್ಲ ಎಂದರೆ, ಆ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರೇ ಬೇರೆ. ಇದನ್ನು ಪರೀಕ್ಷಿಸಲು ಬೇಕಾದದ್ದು ಪಾತ್ರೆಯಲ್ಲಿ ಬಿಸಿನೀರು, ಒಂದು ಥರ್ಮಾಮೀಟರು, ಒಂದು ಮಲ್ಟಿಮೀಟರು. ಇಷ್ಟು ಸರಳ ಉಪಕರಣದಿಂದ ಇಷ್ಟು ದೊಡ್ಡ ತೊಂದರೆಯ ಬೇರು ಸಿಗುವುದನ್ನು ನೋಡುವುದೇ ಒಂದು ಸಂತೋಷ.

ಗಾಳಿ ಅಳೆಯುವ ಏರ್‌ಫ್ಲೋ ಮೀಟರಿನದು ಇನ್ನೊಂದು ಕಥೆ. ಅದರೊಳಗೆ ವಿದ್ಯುತ್ತಿನಿಂದ ಕಾದ ಸಣ್ಣ ತಂತಿ. ಹರಿಯುವ ಗಾಳಿ ಅದನ್ನು ತಣಿಸುತ್ತದೆ. ಕಾವನ್ನು ಉಳಿಸಿಕೊಳ್ಳಲು ಬೇಕಾದ ವಿದ್ಯುತ್ತೇ ಗಾಳಿಯ ಲೆಕ್ಕ. ಇದು ಕೈಕೊಟ್ಟರೆ 12ನೇ ಕೋಡು, ಎಂಜಿನ್ 2000ದಿಂದ 2500 ಸುತ್ತಿನ ಆಸುಪಾಸಿನಲ್ಲೇ ಮುಗ್ಗರಿಸಿ ನಿಲ್ಲುತ್ತದೆ. ಹಳೆಯ ಮೀಟರುಗಳಲ್ಲಿ ಕನೆಕ್ಟರ್ ಪಿನ್ನುಗಳ ಬೆಸುಗೆ ಬಿರುಕು ಬಿಡುವುದು ಪ್ರಸಿದ್ಧವಾದ ರೋಗ. ಐಡಲಿನಲ್ಲಿ ಓಡುವಾಗ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಂಜಿನ್ ತಡವರಿಸುತ್ತದೆ. ಮುಚ್ಚಳ ತೆಗೆದು ಬೆಸುಗೆಯನ್ನು ಮತ್ತೆ ಹಾಕಿದರೆ ಎಷ್ಟೋ ಮೀಟರುಗಳು ಬದುಕಿಕೊಳ್ಳುತ್ತವೆ. ಹೊಸದಕ್ಕೆ ಹಣ ಸುರಿಯುವ ಮೊದಲು ಇದನ್ನು ನೋಡದವರ ಮೇಲೆ ನನಗೆ ನಿಜಕ್ಕೂ ಬೇಸರ.

ಮೀಟರ್ ನಿರ್ದೋಷಿಯಾಗಿದ್ದೂ ಅಪರಾಧ ಹೊತ್ತುಕೊಳ್ಳುವ ಸಂದರ್ಭವೂ ಇದೆ. ಅದು ಕೂತಿರುವುದು ಟರ್ಬೊಗಳಿಗಿಂತ ಮುಂಚೆ. ಅಳೆದ ಗಾಳಿ ಟರ್ಬೊ, ಇಂಟರ್‌ಕೂಲರು, ಹಲವು ರಬ್ಬರ್ ಹೋಸುಗಳನ್ನು ದಾಟಿ ಎಂಜಿನ್ ಸೇರಬೇಕು. ನಡುವೆ ಒಂದು ಹೋಸ್ ಸೀಳಿದ್ದರೆ, ಒತ್ತಡ ಏರಿದಾಗ ಲೆಕ್ಕಕ್ಕೆ ಸಿಕ್ಕ ಗಾಳಿ ಹೊರಗೆ ಹೋಗುತ್ತದೆ. ಕಂಪ್ಯೂಟರ್ ಮಾತ್ರ ಅಳೆದಷ್ಟಕ್ಕೂ ಪೆಟ್ರೋಲ್ ಹಾಕುತ್ತದೆ. ಮತ್ತೆ ಅದೇ ಕಪ್ಪು ಹೊಗೆ, ಅದೇ ಎಡವಾಟ. ಗಾಳಿಯ ದಾರಿಯ ಬಾಯಿ ಮುಚ್ಚಿ ಕಂಪ್ರೆಸರಿನಿಂದ ಅಳತೆಯ ಒತ್ತಡ ಕೊಟ್ಟು ಜೋಡಣೆಗಳ ಮೇಲೆ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುವ ಹಾಗೆಯೇ.

11ನೇ ಕೋಡಿನ ಕ್ರ್ಯಾಂಕ್ ಆ್ಯಂಗಲ್ ಸೆನ್ಸರ್ ಹೆಸರಿಗೆ ಕ್ರ್ಯಾಂಕಿನದಾದರೂ ಕ್ಯಾಮ್‌ಶಾಫ್ಟಿನ ತುದಿಯಲ್ಲಿ ತಿರುಗುತ್ತದೆ. 360 ಸಣ್ಣ ಸೀಳುಗಳ ತಟ್ಟೆಯ ಮೂಲಕ ಬೆಳಕು ಹಾಯಿಸಿ ಎಂಜಿನ್ನಿನ ಸ್ಥಾನ ಓದುತ್ತದೆ. ಇದೂ, ಸ್ಪಾರ್ಕ್ ನಡೆಸುವ ಪವರ್ ಟ್ರಾನ್ಸಿಸ್ಟರ್ ಘಟಕವೂ ಕಾವಿಗೆ ಸೋಲುವಂಥವು. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಮಿಸ್ಸಿಂಗ್.

ಇದೆಲ್ಲ ಎಲ್ಲಿಯೋ ಇರುವ ಹಳೆಯ ಸ್ಪೋರ್ಟ್ಸ್ ಕಾರಿನ ಮಾತೆಂದು ತಳ್ಳಿಹಾಕುವಂತಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದಮೇಲೆ ನಮ್ಮ ಊರುಗಳ ಸ್ಕೂಟರುಗಳೂ ಕಾರ್ಬ್ಯುರೇಟರ್ ಬಿಟ್ಟು ಇದೇ ಬಗೆಯ ಸೆನ್ಸರುಗಳನ್ನು ನೆಚ್ಚಿಕೊಂಡಿವೆ. ಸ್ಕ್ಯಾನರ್ ಚುಚ್ಚಿ, ಪರದೆ ಮೇಲೆ ಬಂದ ಹೆಸರಿನ ಪಾರ್ಟನ್ನು ತರಿಸಿ ಹಾಕುವ ಅಭ್ಯಾಸವೂ ಬಂದಿದೆ. ಹೊಸ ಸೆನ್ಸರ್ ಹಾಕಿದರೂ ತೊಂದರೆ ಹೋಗದಿದ್ದಾಗ ಅದರ ಖರ್ಚು ಗಿರಾಕಿಯ ಮೇಲೆ. ಕನೆಕ್ಟರ್ ಬಿಚ್ಚಿ ಪಿನ್ ನೋಡುವ, ಅರ್ತ್ ವೈರಿನ ಬುಡ ಉಜ್ಜುವ, ಮೀಟರ್ ಹಿಡಿದು ಅಳೆಯುವ ಹುಡುಗರಿಗೆ ಗ್ಯಾರೇಜುಗಳು ಹೆಚ್ಚು ಸಂಬಳ ಕೊಡಬೇಕು.

ರಿಪೇರಿ ಮುಗಿದ ಮೇಲೆ 300ಝಡ್‌ಎಕ್ಸಿನ ಕೆಂಪು ದೀಪಕ್ಕೆ ಇನ್ನೊಂದು ಕೆಲಸವಿದೆ. ಅದೇ ತಿರುಪನ್ನು ಇನ್ನೊಮ್ಮೆ ತಿರುಗಿಸಿ, ಕಾದ ಎಂಜಿನ್ನನ್ನು 2000 ಸುತ್ತಿನಲ್ಲಿ ಓಡಿಸಿದರೆ ದೀಪ ಈಗ ಆಕ್ಸಿಜನ್ ಸೆನ್ಸರಿನ ಸಂಕೇತವನ್ನು ತೋರಿಸುತ್ತದೆ. ಹತ್ತು ಸೆಕೆಂಡಿನಲ್ಲಿ ಐದು ಬಾರಿಗಿಂತ ಹೆಚ್ಚು ಮಿನುಗಿದರೆ ಪೆಟ್ರೋಲು ಮತ್ತು ಗಾಳಿಯ ಹದವನ್ನು ಕಂಪ್ಯೂಟರ್ ಸರಿಯಾಗಿ ತಿದ್ದಿಕೊಳ್ಳುತ್ತಿದೆ. ಆಮೇಲೆ ಕೋಡು ಅಳಿಸಿ, ಕಾರನ್ನು ಚೆನ್ನಾಗಿ ಕಾಯುವವರೆಗೆ ಓಡಿಸಿ, ಮತ್ತೆ ಓದಬೇಕು. ಮರುದಿನ ತಣ್ಣಗಿರುವಾಗ ಇನ್ನೊಮ್ಮೆ. ಎರಡು ಸಲವೂ 55 ಬಂದು, ಪಿಕಪ್ಪೂ ಹಿಂತಿರುಗಿದ್ದರೆ ಮಾತ್ರ ಬಿಲ್ ಬರೆಯಬಹುದು.