ಕಾವನ್ನು ಅಂಕೆಯಾಗಿಸುವ ಚಿಪ್

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಬಿರುಬಿಸಿಲನ್ನು ಬಲ್ಲ ವಾಚಕರಿಗೆ ಕಾವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಿಸಿಲು ಎಷ್ಟಿದೆ, ಮಗುವಿಗೆ ಜ್ವರ ಎಷ್ಟಿದೆ ಎಂಬ ಪ್ರಶ್ನೆ ಬಂದಾಗ ಮೈಯ ಅನುಭವವು ಸಾಲದೆ ನಾವು ಅಂಕೆಯನ್ನು ಕೇಳುತ್ತೇವೆ. ಹಿಂದೆ ಈ ಅಂಕೆಯನ್ನು ಗಾಜಿನ ನಳಿಗೆಯೊಳಗಿನ ಪಾದರಸವು ತೋರಿಸುತ್ತಿತ್ತು. ಪಾದರಸವು ವಿಷವಾದುದರಿಂದ ಅದರ ಬಳಕೆಯನ್ನು ತಗ್ಗಿಸಲು ೨೦೧೩ರಲ್ಲಿ ಮಿನಾಮಾಟಾ ಒಪ್ಪಂದವು ಏರ್ಪಟ್ಟಿತು. ೨೦೧೮ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಪಾದರಸದ ಕೆಲಸವು ಈಗ ಬಹುಮಟ್ಟಿಗೆ ವಿದ್ಯುತ್ ಉಪಕರಣಗಳ ಪಾಲಿಗೆ ಬಂದಿದೆ. ಮೆಣಸಿನ ಕಾಳಿನಷ್ಟು ಗಾತ್ರದ ಒಂದು ಚಿಪ್ ಕಾವನ್ನು ಅಳೆದು, ಅಂಕೆಯಾಗಿಸಿ, ದೂರಕ್ಕೂ ತಿಳಿಸಬಲ್ಲದು. ಅದು ಹೇಗೆಂಬದನ್ನೂ, ಅದರ ಮಾತನ್ನು ಎಲ್ಲಿಯವರೆಗೆ ನಂಬಬೇಕೆಂಬದನ್ನೂ ಇಲ್ಲಿ ವಿವೇಚಿಸುವೆವು.

ಪಾದರಸವು ಕಾವಿಗೆ ಹಿಗ್ಗುವದು. ಚಿಪ್‌ನ ಕೆಲಸವು ಹಿಗ್ಗುವಿಕೆಯಿಂದ ನಡೆಯುವದಲ್ಲ. ಅದರೊಳಗೆ ಎರಡು ಬಗೆಯ ಸಿಲಿಕಾನ್ ಕೂಡುವ ಸಂಧಿಯೊಂದಿರುವದು. ಆ ಸಂಧಿಯಲ್ಲಿ ಒಂದೇ ಪ್ರಮಾಣದ ವಿದ್ಯುತ್ ಪ್ರವಾಹವನ್ನು ಹರಿಸಿದರೆ, ಕಾವು ಒಂದು ಡಿಗ್ರಿ ಏರಿದಾಗಲೊಮ್ಮೆ ಅಲ್ಲಿಯ ವೋಲ್ಟೇಜು ಸುಮಾರು ೨ ಮಿಲಿವೋಲ್ಟಿನಷ್ಟು ಇಳಿಯುವದು. ಆದರೆ ಒಂದು ಸಂಧಿಯಂತೆ ಇನ್ನೊಂದು ಇರಲಾರದು. ಆದಕಾರಣ ಒಂದೇ ಚಿಪ್‌ನಲ್ಲಿ ಎರಡು ಸಂಧಿಗಳನ್ನಿಟ್ಟು, ಅವುಗಳಲ್ಲಿ ಹೆಚ್ಚು ಕಡಿಮೆ ಪ್ರವಾಹವನ್ನು ಹರಿಸಿ, ಎರಡರ ವೋಲ್ಟೇಜಿನ ಅಂತರವನ್ನು ನೋಡುವ ಉಪಾಯವು ಬಳಕೆಯಲ್ಲಿದೆ. ಎರಡಕ್ಕೂ ಸಮಾನವಾದ ದೋಷವು ಕಳೆದುಹೋಗಿ ಕಾವಿನ ಪ್ರಭಾವವಷ್ಟೇ ಉಳಿಯುವದು.

ಇನ್ನು ಈ ಅಂತರವು ಅಂಕೆಯಾಗಬೇಕು. ಕಾಳಿನ ರಾಶಿಯನ್ನು ಸೇರಿನಿಂದ ಅಳೆದು ಎಣಿಸುವಂತೆ, ಚಿಪ್ ಆ ವೋಲ್ಟೇಜನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಎಣಿಸುವದು. ಡಿಎಸ್೧೮ಬಿ೨೦ ಎಂಬ ಪ್ರಸಿದ್ಧ ಚಿಪ್ ಒಂದು ಡಿಗ್ರಿಯನ್ನು ೧೬ ಪಾಲು ಮಾಡಬಲ್ಲದು. ಆದ್ದರಿಂದ ೩೮ ಡಿಗ್ರಿ ಸೆಲ್ಸಿಯಸ್ ಎಂಬದು ಅದರ ಲೆಕ್ಕದಲ್ಲಿ ೬೦೮ ಆಗುವದು. ಅದನ್ನು ಒಂದು ಮತ್ತು ಸೊನ್ನೆಗಳಿಂದಲೇ ಬರೆದು ತಂತಿಯ ಮೇಲೆ ಕಳಿಸುವದು. ಇಷ್ಟು ಸೂಕ್ಷ್ಮವಾದ ಎಣಿಕೆಗೆ ಅದು ಮುಕ್ಕಾಲು ಸೆಕೆಂಡಿನವರೆಗೆ ಹೊತ್ತು ತೆಗೆದುಕೊಳ್ಳುವದು. ಪ್ರತಿಯೊಂದು ಚಿಪ್‌ಗೂ ಬೇರೆ ಬೇರೆ ಕ್ರಮಸಂಖ್ಯೆಯಿರುವದರಿಂದ ಒಂದೇ ತಂತಿಗೆ ಹಲವನ್ನು ಜೋಡಿಸಿದರೂ ಕರೆದುದೇ ಉತ್ತರಿಸುವದು. ಇದೇ ಚಿಪ್ ವಿದ್ಯುತ್ತು ಬಂದೊಡನೆ, ಇನ್ನೂ ಅಳೆಯುವ ಮೊದಲೇ, ೮೫ ಡಿಗ್ರಿ ಎಂಬ ಅಂಕೆಯನ್ನು ಇಟ್ಟುಕೊಂಡಿರುವದು. ಅಂಕೆ ಬಂದ ಮಾತ್ರಕ್ಕೆ ಅಳತೆ ಆಯಿತೆಂದು ತಿಳಿಯಬಾರದು.

ಇನ್ನೆರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಅಂಕೆಯು ಸೂಕ್ಷ್ಮವಾಗಿದ್ದರೂ ಈ ಚಿಪ್‌ನ ನಿಖರತೆಯು ಸಾಮಾನ್ಯ ಬಳಕೆಯಲ್ಲಿ ಅರ್ಧ ಡಿಗ್ರಿಯ ಆಚೀಚೆ ಮಾತ್ರ. ಎರಡನೆಯದಾಗಿ, ಚಿಪ್ ಹೇಳುವದು ತನ್ನ ಸ್ವಂತದ ಕಾವನ್ನು. ಬಿಸಿಲಲ್ಲಿಟ್ಟರೆ ಅದು ಗಾಳಿಯ ಕಾವನ್ನಲ್ಲ, ತಾನು ಕಾದುದನ್ನು ಹೇಳುವದು. ಈ ಕಾರಣದಿಂದಲೇ ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿಯ ನೆರಳುಗೂಡಿನಲ್ಲಿ ಇಡುವರು.

ಸ್ಥಳದ ಈ ವಿಚಾರವು ಲಸಿಕೆಯ ಮಟ್ಟಿಗೆ ಪ್ರಾಣಸಂಬಂಧವಾದುದು. ಮುಂಡರಗಿ, ಶಿರಹಟ್ಟಿ ತಾಲೂಕುಗಳ ಹಳ್ಳಿಯ ಕೂಸಿಗೆ ಚುಚ್ಚುವ ಲಸಿಕೆಯು ಆರೋಗ್ಯ ಕೇಂದ್ರದ ಶೀತಪೆಟ್ಟಿಗೆಯಲ್ಲಿ ೨ರಿಂದ ೮ ಡಿಗ್ರಿಗಳೊಳಗೆ ಇರತಕ್ಕದ್ದು. ಪೋಲಿಯೊ ಹನಿಗೆ ಕಾವು ಶತ್ರು; ಹೆಪಟೈಟಿಸ್-ಬಿ ಲಸಿಕೆಗೆ ಹೆಪ್ಪುಗಟ್ಟುವ ಚಳಿಯೂ ಶತ್ರು. ಸೀಸೆಯ ಮೇಲಿನ ಬಣ್ಣದ ಗುರುತು ಕಾವಿನ ಕೇಡನ್ನು ತೋರಿಸುವದೇ ಹೊರತು ಹೆಪ್ಪುಗಟ್ಟಿದುದನ್ನು ತೋರಿಸದು. ಪೆಟ್ಟಿಗೆಯ ತಳವು ಹೆಚ್ಚು ತಣ್ಣಗಿರುವದರಿಂದ ಮಾಪಕವು ಮೇಲೆ, ಸೀಸೆಯು ಕೆಳಗೆ ಇದ್ದರೆ ಅಂಕೆ ಸರಿಯಾಗಿದ್ದೂ ಲಸಿಕೆ ಕೆಡಬಹುದು. ೨೦೧೫ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಇ-ವಿನ್ ಎಂಬ ವ್ಯವಸ್ಥೆಯು ಇಂಥ ಪೆಟ್ಟಿಗೆಗಳ ಉಷ್ಣತೆಯನ್ನು ಮೊಬೈಲ್ ಜಾಲದ ಮೂಲಕ ದೂರದಲ್ಲಿರುವ ಅಧಿಕಾರಿಗಳಿಗೆ ಮುಟ್ಟಿಸುತ್ತದೆ. ವರದಿಯು ಎಷ್ಟು ಬೇಗ ಹೋದರೂ ಸೀಸೆಯನ್ನು ತಕ್ಕ ಬುಟ್ಟಿಯಲ್ಲಿಡುವ ಕೈಯ ಎಚ್ಚರವು ತಪ್ಪಬಾರದು.

ಮನೆಯ ಜ್ವರಮಾಪಕಕ್ಕೂ ಇದೇ ನಿಯಮ. ಅದರ ತುದಿಯಲ್ಲಿ ಸಾಮಾನ್ಯವಾಗಿ ಥರ್ಮಿಸ್ಟರ್ ಎಂಬ ಕಣವಿರುವದು; ಕಾವು ಏರಿದಂತೆ ವಿದ್ಯುತ್ತಿಗೆ ಅದರ ತಡೆಯು ತಗ್ಗುವದನ್ನು ಒಳಗಿನ ಚಿಪ್ ಅಳೆಯುವದು. ಕಂಕುಳ ಬೆವರನ್ನು ಒರಸಿ, ತುದಿಯು ಚರ್ಮಕ್ಕೆ ತಾಕುವಂತೆ ಇಟ್ಟು, ಸದ್ದಾಗುವವರೆಗೆ ಕಾಯಬೇಕು. ಬಿಸಿ ಚಹ ಕುಡಿದೊಡನೆ ಬಾಯಲ್ಲಿಡಬಾರದು. ಮೂರು ತಿಂಗಳೊಳಗಿನ ಕೂಸಿಗೆ ೩೮ ಡಿಗ್ರಿ, ಎಂದರೆ ೧೦೦.೪ ಫ್ಯಾರನ್‌ಹೀಟ್, ಅಥವಾ ಅದಕ್ಕೂ ಹೆಚ್ಚು ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಅಂಕೆಯು ಕಡಿಮೆಯಿದ್ದರೂ ಕೂಸು ಮೊಲೆಯುಣ್ಣದೆ ಮಂಕಾಗಿದ್ದರೆ ಆಗಲೂ ಒಯ್ಯಲೇಬೇಕು. ಮಾಪಕವು ತನ್ನ ತುದಿಗೆ ತಾಕಿದುದನ್ನಷ್ಟೇ ಹೇಳಬಲ್ಲದು. ಕೂಸಿನ ಮುಖವನ್ನು ನೋಡಿ ತಿಳಿಯುವ ಕೆಲಸವು ತಾಯಿತಂದೆಗಳದು.